ಹಿತ್ತಿಲ ತರಕಾರಿ: ಪತ್ತನಾಜೆಯಿಂದ ವಿಷುವಿನವರೆಗೆ

"ಮನೆಖರ್ಚಿನ ತರಕಾರಿ ಮನೆಯಲ್ಲೇ ಬೆಳೆಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡುವುದು?" ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಮೂರು ತಿಂಗಳು ಕಳೆದರೆ ಅವರದ್ದೇ ಇನ್ನೊಂದು ಪ್ರಶ್ನೆ: "ಸೌತೆಕಾಯಿ ರಾಶಿ ಬಿದ್ದಿದೆ, ಏನು ಮಾಡುವುದು?" ಎರಡಕ್ಕೂ ಇಲ್ಲಿ ಒಟ್ಟಿಗೇ ಉತ್ತರ ಕೊಡುತ್ತೇನೆ. ಯಾಕೆಂದರೆ ಎರಡನೇ ಪ್ರಶ್ನೆ ಹುಟ್ಟುವುದು ಕೊಯ್ಲಿನ ದಿನ ಅಲ್ಲ, ಬೀಜ ಹಾಕುವ ದಿನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಸಿಗುವ ಕೈತೋಟದ ಸಲಹೆಗಳಲ್ಲಿ ಹೆಚ್ಚಿನವು ಬಯಲುಸೀಮೆಯವು. ಅಲ್ಲಿನ ಕಪ್ಪು ಮಣ್ಣು, ಅಲ್ಲಿನ ಸಣ್ಣ ಮಳೆಯ ಲೆಕ್ಕ ಕಾಸರಗೋಡಿಗೆ ಹೊಂದುವುದಿಲ್ಲ. ನಮ್ಮದು ಹುಳಿ ಮಣ್ಣು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಮೇಲೆ ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಒಂದು ತೋಟ ಅಲ್ಲ, ಎರಡು: ಮಳೆಗಾಲದ್ದು ಬೇರೆ, ಬೇಸಿಗೆಯದ್ದು ಬೇರೆ.

ಹಂತ 1: ಬಿಸಿಲು ಹುಡುಕಿ

ತರಕಾರಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ನಮ್ಮಲ್ಲಿ ಜಾಗಕ್ಕೆ ಬರವಿಲ್ಲ, ಬಿಸಿಲಿಗೆ ಬರ. ಮನೆ ಸುತ್ತ ತೆಂಗು, ಅಡಿಕೆ, ಹಲಸು, ಮಾವು. ಅಡಿಕೆ ಮರದ ಬುಡದಲ್ಲಿ ಬೆಂಡೆ ಹಾಕಿ "ಗಿಡ ಉದ್ದ ಹೋಯಿತು, ಕಾಯಿ ಇಲ್ಲ" ಎನ್ನುವವರು ತುಂಬ ಜನ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ಮೂರಕ್ಕೆ ಹಿತ್ತಿಲಿಗೆ ಹೋಗಿ ನೋಡಿ. ಮೂರು ಹೊತ್ತೂ ಬಿಸಿಲು ಬೀಳುವಲ್ಲಿ ಒಂದು ಗೂಟ ಹೊಡೆಯಿರಿ. ಅದೇ ನಿಮ್ಮ ತರಕಾರಿ ಜಾಗ.

ಅಂಗಳದ ಬದಿ ಮಳೆಗಾಲಕ್ಕೆ ಒಳ್ಳೆಯದು, ಚಪ್ಪರ ಹಾಕಬಹುದು. ಆದರೆ ನವೆಂಬರ್ ನಂತರ ಅಲ್ಲಿ ಅಡಿಕೆ ಒಣಗಬೇಕಲ್ಲ? ಆದ್ದರಿಂದ ಬೇಸಿಗೆ ತರಕಾರಿಯನ್ನು ಗದ್ದೆಗೋ ಬಾವಿಯ ಹತ್ತಿರಕ್ಕೋ ಒಯ್ಯಿರಿ. ಗದ್ದೆ ಇಲ್ಲದವರಿಗೆ ತಾರಸಿ ಮೇಲೆ ಗ್ರೋ ಬ್ಯಾಗ್ ಇದೆ, ಅಂದರೆ ಗಿಡ ನೆಡಲೆಂದೇ ಮಾಡಿದ ದಪ್ಪ ಪ್ಲಾಸ್ಟಿಕ್ ಚೀಲ. ನೆರಳಿನ ಜಾಗ ಹಾಳು ಬಿಡಬೇಡಿ. ಕೆಸು, ಸುವರ್ಣಗಡ್ಡೆ, ಅರಸಿನ, ಶುಂಠಿ, ಗಾಂಧಾರಿ ಮೆಣಸು ಅರೆನೆರಳಿನಲ್ಲೂ ಬರುತ್ತವೆ.

ನಾಲ್ಕು ಜನರ ಮನೆಗೆ ಮೊದಲ ಸಲ ಅರ್ಧ ಸೆಂಟ್ ಸಾಕು, ಸುಮಾರು 220 ಚದರ ಅಡಿ. ಐದು ಸೆಂಟಿನಲ್ಲಿ ಶುರು ಮಾಡಿದವರು ಜುಲೈಯಲ್ಲಿ ಹುಲ್ಲು ಕೀಳಲಾಗದೆ ಕೈಬಿಡುತ್ತಾರೆ. ನಿಮ್ಮಲ್ಲಿ ನವಿಲು, ಮಂಗ, ಹಂದಿ ಬರುತ್ತವೆ ಎಂದಾದರೆ ಬೀಜ ಹಾಕುವ ಮೊದಲೇ ಬೇಲಿ, ಬಲೆ ಆಗಿರಲಿ. ಎಳೆ ಸಸಿಯ ರುಚಿ ಒಮ್ಮೆ ಸಿಕ್ಕಿದ ನವಿಲು ದಿನಾ ಬರುತ್ತದೆ.

ಹಂತ 2: ಯಾವ ಕಾಲಕ್ಕೆ ಯಾವುದು

ಮಳೆಗಾಲದ ಬೀಜಕ್ಕೆ ಹಿರಿಯರು ಇಟ್ಟ ಗುರುತು ಪತ್ತನಾಜೆ. ಮೇ 24ರ ಹೊತ್ತಿಗೆ ಬರುತ್ತದೆ. ಈಗಲೂ ಆ ಲೆಕ್ಕ ತಪ್ಪಲ್ಲ. ಮುಂಗಾರು ಜೋರಾಗುವ ಮೊದಲು ಗಿಡಕ್ಕೆ ನಾಲ್ಕೆಲೆ ಬಂದಿರಬೇಕು. ಜೂನ್ ಹದಿನೈದರ ಮೇಲೆ ಹಾಕಿದ ಬೀಜ ಮಣ್ಣಿನೊಳಗೇ ಕೊಳೆಯುವುದು ಜಾಸ್ತಿ.

ಈ ಕಾಲಕ್ಕೆ ಬೆಂಡೆ, ಮುಳ್ಳುಸೌತೆ, ಹೀರೆ, ಪಡುವಲ, ಹಾಗಲ ಹಾಕಿ. ಚಪ್ಪರಕ್ಕೆ ಹಬ್ಬುವಂಥವು ಮತ್ತು ನೇರ ನಿಲ್ಲುವಂಥವು ಮಳೆ ತಡೆಯುತ್ತವೆ. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಕೊಯ್ಲು ಶುರುವಾದರೆ ಅಷ್ಟಮಿ, ಚೌತಿ, ಓಣಂ ತನಕ ಸಿಗುತ್ತದೆ. ಬದನೆ, ಮೆಣಸಿನ ಸಸಿಯನ್ನೂ ಮೇಯಲ್ಲೇ ನೆಟ್ಟರೆ ಮಳೆ ಬಿಟ್ಟ ಮೇಲೆ ಚೆನ್ನಾಗಿ ಕಾಯಿ ಬಿಡುತ್ತವೆ.

ಬೇಸಿಗೆಯದ್ದು ಅಕ್ಟೋಬರ್ ಕೊನೆಯಿಂದ. ಹರಿವೆ, ಅಲಸಂಡೆ, ಟೊಮೆಟೊ, ಬದನೆ, ಮೆಣಸು ನವೆಂಬರಿನಲ್ಲಿ. ನೆಲದಲ್ಲಿ ಹಬ್ಬುವ ಸೌತೆ (ಸಾಂಬಾರಿಗೆ ಹಾಕುವಂಥದ್ದು), ಬೂದುಕುಂಬಳ, ಚೀನಿಕಾಯಿ ಅಂದರೆ ಸಿಹಿಗುಂಬಳವನ್ನು ಗದ್ದೆ ಕೊಯ್ಲು ಮುಗಿದು ತೇವ ಇರುವಾಗಲೇ ಹಾಕಬೇಕು. ವಿಷು ಕಣಿಗೆ ಹೊಂಬಣ್ಣದ ಸೌತೆ ಬೇಕೆಂದಿದ್ದರೆ ಜನವರಿ ಕೊನೆಯ ವಾರ ದಾಟಿಸಬೇಡಿ. ಹಣ್ಣಾಗಲು ಎರಡು ತಿಂಗಳಿಗೂ ಹೆಚ್ಚು ಬೇಕು. ಬೂದುಕುಂಬಳ ಇನ್ನೂ ನಿಧಾನ, ನಾಲ್ಕೈದು ತಿಂಗಳು.

ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವವೂ ಇವೆ: ತೊಂಡೆ, ಬಸಳೆ, ನುಗ್ಗೆ, ಕರಿಬೇವು, ಗಾಂಧಾರಿ. ಹೊಸಬರಿಗೆ ನನ್ನ ಸಲಹೆ ಇವುಗಳಿಂದಲೇ ಶುರು ಮಾಡಿ ಅಂತ. ತೊಂಡೆಯದ್ದು ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಂಟು ಇರುವ ಬಳ್ಳಿ ಸಾಕು. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದಲೇ ತುಂಡು ತನ್ನಿ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ತಂದರೆ ಬರೀ ಹೂವು ನೋಡಬೇಕಷ್ಟೇ. ಕ್ಯಾಬೇಜ್, ಹೂಕೋಸು ಡಿಸೆಂಬರಿನಲ್ಲಿ ಆಗುವುದೇ ಇಲ್ಲ ಎಂದಲ್ಲ. ಆದರೆ ಆ ಶ್ರಮಕ್ಕೆ ಎರಡು ಸಾಲು ಅಲಸಂಡೆ ಹೆಚ್ಚು ಲಾಭ.

ಹಂತ 3: ಎಷ್ಟು ಗಿಡ

ರಾಶಿ ಬೀಳುವ ಸಮಸ್ಯೆ ಶುರುವಾಗುವುದು ಇಲ್ಲಿ. ಪ್ಯಾಕೆಟ್ಟಿನಲ್ಲಿ ಇಪ್ಪತ್ತು ಬೀಜ ಇದೆ ಅಂತ ಇಪ್ಪತ್ತೂ ಹಾಕಬೇಡಿ. ನಾಲ್ಕು ಜನರ ಮನೆಗೆ ಹೀಗೆ ಸಾಕು:

- ಬೆಂಡೆ 15ರಿಂದ 20 ಗಿಡ
- ಅಲಸಂಡೆ 10 ಬಳ್ಳಿ
- ಹಾಗಲ, ಸೌತೆ ಎರಡೆರಡು ಹೊಂಡ
- ಹೀರೆ, ಪಡುವಲ, ಕುಂಬಳ, ಚೀನಿಕಾಯಿ ಒಂದೊಂದು ಹೊಂಡ
- ಮೆಣಸು 5, ಬದನೆ 4
- ತೊಂಡೆ ಒಂದು, ಬಸಳೆ ಒಂದು

ಬೆಂಡೆ ಲೆಕ್ಕ ಜಾಸ್ತಿ ಕಂಡಿತಾ? ಅಲ್ಲ. ಐದು ಗಿಡ ಹಾಕಿದರೆ ದಿನಕ್ಕೆ ಎರಡು ಬೆಂಡೆ ಸಿಗುತ್ತದೆ, ಸಾಂಬಾರಿಗೂ ಸಾಲದು, ಪಲ್ಯಕ್ಕೂ ಸಾಲದು. ಹರಿವೆ, ಅಲಸಂಡೆ, ಬೆಂಡೆಯನ್ನು ಎರಡು ಕಂತಿನಲ್ಲಿ, ನಡುವೆ 15 ದಿನ ಬಿಟ್ಟು ಬಿತ್ತಿ. ಕೊಯ್ಲು ಹಂಚಿ ಬರುತ್ತದೆ.

ಹಂತ 4: ಬೀಜ ತರುವುದು

ಕೇರಳದಲ್ಲಿ ಪ್ರತಿ ಪಂಚಾಯತಿಗೂ ಒಂದು ಕೃಷಿ ಭವನ, ಅಂದರೆ ಕೃಷಿ ಇಲಾಖೆಯ ಕಚೇರಿ ಇದೆ. ಓಣಂ ತರಕಾರಿಗೆಂದು ಬೀಜದ ಪ್ಯಾಕೆಟ್, ಸಸಿ ಅಲ್ಲಿಂದ ಹಂಚುತ್ತಾರೆ. ಮೇ ತಿಂಗಳಲ್ಲೇ ಹೋಗಿ ವಿಚಾರಿಸಿ. ಪ್ಯಾಕೆಟ್ ಮೇಲೆ ಮಲಯಾಳವಷ್ಟೇ ಇರುವುದುಂಟು. ಓದಲು ಬಾರದವರು ಅಂಗಡಿಯಲ್ಲಿ ಬಾಯಲ್ಲಿ ಕೇಳಬೇಕಾದರೂ ಇಷ್ಟು ಗೊತ್ತಿರಲಿ: ವೆಂಡ ಅಂದರೆ ಬೆಂಡೆ, ಚೀರ ಅಂದರೆ ಹರಿವೆ, ಪಯರ್ ಅಂದರೆ ಅಲಸಂಡೆ, ಪಾವಲ್ ಹಾಗಲ, ವೆಳ್ಳರಿ ಸೌತೆ, ಮತ್ತನ್ ಚೀನಿಕಾಯಿ, ಕುಂಬಳಂ ಬೂದುಕುಂಬಳ, ಕೋವಲ್ ತೊಂಡೆ, ವಳುದನ ಬದನೆ.

ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಲವು ತಳಿಗಳ ಹೆಸರು ಬರೆದಿಟ್ಟುಕೊಳ್ಳಿ. ಬದನೆಯಲ್ಲಿ ಹರಿತ, ಸೂರ್ಯ. ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಟೊಮೆಟೊದಲ್ಲಿ ಶಕ್ತಿ, ಅನಘ. ಇವು ಸೊರಗು ರೋಗ ತಡೆಯುವ ತಳಿಗಳು. ಸೊರಗು ರೋಗ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ. ಇವು ಬಿಟ್ಟು ಪೇಟೆಯ ಟೊಮೆಟೊ ಹಣ್ಣಿನ ಬೀಜ ಉದುರಿಸಿ ಗಿಡ ಮಾಡುವುದು ನಮ್ಮ ಮಣ್ಣಿನಲ್ಲಿ ಸುಮ್ನೆ ಕಾಲಹರಣ. ಉದ್ದ ಅಲಸಂಡೆಗೆ ಲೋಲ, ವೈಜಯಂತಿ. ಬೆಂಡೆಗೆ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ. ಸೌತೆ, ಮುಳ್ಳುಸೌತೆ ಬೀಜ ಮಾತ್ರ ಪಕ್ಕದ ಮನೆಯವರಲ್ಲಿ ಕೇಳಿ. ಅವರ ಹಿತ್ತಿಲಲ್ಲಿ ಆದದ್ದು ನಿಮ್ಮಲ್ಲೂ ಆಗುತ್ತದೆ.

ಹಂತ 5: ಮಣ್ಣು

ಕೆಂಪು ಮುರಮಣ್ಣು ಹುಳಿ. ಹುಳಿ ಜಾಸ್ತಿಯಾದರೆ ನೀವು ಹಾಕಿದ ಗೊಬ್ಬರ ಗಿಡಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊದಲ ಕೆಲಸ ಸುಣ್ಣ. ಒಂದು ಸೆಂಟಿಗೆ ಎರಡರಿಂದ ಮೂರು ಕಿಲೋ, ಅರ್ಧ ಸೆಂಟಿಗೆ ಅದರ ಅರ್ಧ. ಮಣ್ಣು ಅಗೆದು, ಸುಣ್ಣದ ಪುಡಿ ಉದುರಿಸಿ, ಬೆರೆಸಿ, ತೇವ ಮಾಡಿ ಬಿಡಿ. ಎರಡು ವಾರ ಏನೂ ಹಾಕಬೇಡಿ. ಎಲ್ಲರೂ ಎಡವುವ ಜಾಗ ಇದು. ಸುಣ್ಣ ಮತ್ತು ಗೊಬ್ಬರ ಒಂದೇ ದಿನ ಹಾಕಿದರೆ ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ, ಉಪಕಾರಿ ಶಿಲೀಂಧ್ರಗಳೂ ಸಾಯುತ್ತವೆ.

ಎರಡು ವಾರ ಕಳೆದ ಮೇಲೆ ಸೆಂಟಿಗೆ 100 ಕಿಲೋ ಲೆಕ್ಕದಲ್ಲಿ ಹುಡಿ ಹುಡಿಯಾದ ಹಳೆ ಹಟ್ಟಿಗೊಬ್ಬರ ಸೇರಿಸಿ. ಹಸಿ ಸೆಗಣಿ ಬೇಡ, ಬೇರು ಸುಡುತ್ತದೆ, ಗೊಣ್ಣೆಹುಳ ಬರುತ್ತದೆ. ಗೊಬ್ಬರಕ್ಕೆ ಟ್ರೈಕೋಡರ್ಮಾ ಸೇರಿಸಿದರೆ ಬುಡ ಕೊಳೆಯುವ ರೋಗ ಕಡಿಮೆ. ಟ್ರೈಕೋಡರ್ಮಾ ಅಂದರೆ ರೋಗದ ಬೂಸನ್ನು ತಿನ್ನುವ ಒಳ್ಳೆಯ ಬೂಸು, ಪುಡಿಯಾಗಿ ಸಿಗುತ್ತದೆ. 9 ಕಿಲೋ ಹಟ್ಟಿಗೊಬ್ಬರ, 1 ಕಿಲೋ ಬೇವಿನಹಿಂಡಿ, 100 ಗ್ರಾಂ ಟ್ರೈಕೋಡರ್ಮಾ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿಡಿ. ಎರಡು ವಾರದಲ್ಲಿ ಮೇಲೆ ಹಸಿರು ಬೂಸು ಕಾಣುತ್ತದೆ, ಆಗ ಬಳಸಿ.

ಇಷ್ಟೆಲ್ಲ ಆಗುವುದಿಲ್ಲ ಎನ್ನುವವರು ಹಿರಿಯರ ಸುಡುಮಣ್ಣು ಮಾಡಿ. ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಹಾಕಿ, ಒಳಗೊಳಗೇ ಬೇಯುವ ಹಾಗೆ ಬೆಂಕಿ ಕೊಡುವುದು. ಬಸಳೆಗೆ, ಹರಿವೆಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಚ್ಚಲೊಲೆಯ ಬೂದಿಯನ್ನೂ ಬಿಸಾಡಬೇಡಿ. ಆದರೆ ಪ್ಲಾಸ್ಟಿಕ್ ಸುಟ್ಟ ಬೂದಿ ಬೇಡವೇ ಬೇಡ.

ಗ್ರೋ ಬ್ಯಾಗಿಗೆ ಮಣ್ಣು, ತೆಂಗಿನ ನಾರಿನ ಹುಡಿ, ಹಟ್ಟಿಗೊಬ್ಬರ ಸಮಪಾಲು. ಮಣ್ಣಿಗೆ ಮೊದಲೇ ಒಂದು ಹಿಡಿ ಸುಣ್ಣ ಬೆರೆಸಿಟ್ಟಿರಬೇಕು. ಚೀಲದ ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಗೊಬ್ಬರ ಆಗಾಗ ಹಾಕಲು ಜಾಗ ಬೇಕಲ್ವಾ.

ಹಂತ 6: ಬಿತ್ತುವುದು

ಮಳೆಗಾಲದಲ್ಲಿ ಏರಿ, ಬೇಸಿಗೆಯಲ್ಲಿ ತಗ್ಗು. ಈ ಒಂದು ಮಾತು ನೆನಪಿಟ್ಟರೆ ಅರ್ಧ ಕೆಲಸ ಆದ ಹಾಗೆ. ಜೂನ್‌ನಲ್ಲಿ ನೆಲದಿಂದ ಒಂದಡಿ ಎತ್ತರದ ಏರಿ ಮಾಡಿ ಅದರ ಮೇಲೆ ಬಿತ್ತಿ, ನಡುವಿನ ಚಾಲಿನಲ್ಲಿ ನೀರು ಹರಿದು ಹೋಗಲಿ. ಡಿಸೆಂಬರಿನಲ್ಲಿ ಇದಕ್ಕೆ ಉಲ್ಟಾ, ಎರಡಡಿ ಅಗಲ, ಒಂದೂವರೆ ಅಡಿ ಆಳದ ಹೊಂಡ ಮಾಡಿ, ಅರ್ಧಕ್ಕಿಂತ ಜಾಸ್ತಿ ಗೊಬ್ಬರ ಮಣ್ಣು ತುಂಬಿ, ತಗ್ಗಿನಲ್ಲೇ ಬಿತ್ತಿ. ಕೊಟ್ಟ ನೀರು ಬುಡದಲ್ಲೇ ನಿಲ್ಲಬೇಕು.

ಹಾಗಲ, ಪಡುವಲದ ಬೀಜದ ಸಿಪ್ಪೆ ಗಟ್ಟಿ. ಹನ್ನೆರಡು ಗಂಟೆ ನೀರಿನಲ್ಲಿ ಹಾಕಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಮೂಗು ಕಂಡ ಮೇಲೆ ನೆಡಿ. ಬೆಂಡೆ ಒಂದು ರಾತ್ರಿ ನೆನೆಸಿದರೆ ಸಾಕು. ಅಲಸಂಡೆ ತುಂಬ ಹೊತ್ತು ನೆನೆಸಬೇಡಿ, ಬೀಜ ಒಡೆದು ಕೊಳೆಯುತ್ತದೆ. ಹರಿವೆ ಬೀಜ ಸಾಸಿವೆಗಿಂತಲೂ ಸಣ್ಣದು. ಮರಳಿನ ಜತೆ ಬೆರೆಸಿ ಉದುರಿಸಿ, ಮೇಲೆ ಮಣ್ಣು ಹೇರಬೇಡಿ. ಇರುವೆ ಹೊತ್ತೊಯ್ಯದ ಹಾಗೆ ಸುತ್ತ ಅರಸಿನ ಹುಡಿ ಹಾಕಿ.

ಒಂದು ಹೊಂಡಕ್ಕೆ ನಾಲ್ಕೈದು ಬೀಜ. ಮೊಳಕೆ ಬಂದು ಎರಡು ವಾರವಾದ ಮೇಲೆ ಗಟ್ಟಿ ಇರುವ ಎರಡು ಮೂರು ಉಳಿಸಿ ಬಾಕಿ ಕಿತ್ತುಬಿಡಿ. "ಪಾಪ, ಇರಲಿ" ಅಂತ ಎಲ್ಲವನ್ನೂ ಉಳಿಸಿದರೆ ಯಾವುದಕ್ಕೂ ಸರಿ ಗೊಬ್ಬರ ಸಿಗುವುದಿಲ್ಲ. ಹೊಂಡದಿಂದ ಹೊಂಡಕ್ಕೆ ಆರಡಿ. ಬೆಂಡೆ ಸಾಲಿಗೆ ಸಾಲು ಎರಡಡಿ, ಗಿಡಕ್ಕೆ ಗಿಡ ಒಂದೂವರೆ ಅಡಿ.

ಬದನೆ, ಮೆಣಸು, ಟೊಮೆಟೊ ನೇರ ಬಿತ್ತುವುದಲ್ಲ. ಟ್ರೇಯಲ್ಲೋ ತೆಂಗಿನ ಗೆರಟೆಯಲ್ಲೋ ಸಸಿ ಮಾಡಿ, ಸುಮಾರು ಒಂದು ತಿಂಗಳಾದ ಮೇಲೆ ಸಂಜೆ ಹೊತ್ತು ನೆಡಬೇಕು. ನೆಡುವ ಮೊದಲು ಒಂದು ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ ಕಲಸಿ ಬೇರನ್ನು ಅದ್ದಿ. ಇದು ಬೇರನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ, ಕೃಷಿ ಭವನದಲ್ಲಿ ವಿಚಾರಿಸಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ.

ಹಂತ 7: ನೀರು, ಚಪ್ಪರ, ಹೂವು

ಬೇಸಿಗೆಯಲ್ಲಿ ದಿನಾ ಬುಡಕ್ಕೆ ನೀರು, ಸಂಜೆಗಿಂತ ಬೆಳಿಗ್ಗೆ ಒಳ್ಳೆಯದು. ಬುಡಕ್ಕೆ ತರಗೆಲೆ, ಅಡಿಕೆ ಸಿಪ್ಪೆ, ಒಣ ಮಡಲು ಮುಚ್ಚಿದರೆ ನೀರು ಅರ್ಧ ಸಾಕು. ಬಾಯಾರು, ಎಣ್ಮಕಜೆ ಕಡೆಯ ಹಾಗೆ ಗುಡ್ಡ ಅಡ್ಡಕ್ಕೆ ಕೊರೆದು ತೆಗೆದ ಸುರಂಗದ ನೀರು ಇರುವವರು ಭಾಗ್ಯವಂತರು. ಉಳಿದವರು ಪಾತ್ರೆ, ತರಕಾರಿ ತೊಳೆದ ನೀರನ್ನು ತೊಂಡೆ, ಬಸಳೆಯ ಬುಡಕ್ಕೆ ತಿರುಗಿಸಿ. ಸಾಬೂನು ಜಾಸ್ತಿ ಇರುವ ಬಚ್ಚಲ ನೀರು ಸೊಪ್ಪಿಗೆ ಬೇಡ.

ಚಪ್ಪರ ಆಳೆತ್ತರ ಇರಲಿ. ತಲೆ ಬಗ್ಗಿಸಿ ಕೊಯ್ಯುವ ಚಪ್ಪರದ ಕಡೆಗೆ ಯಾರೂ ಹೋಗುವುದಿಲ್ಲ, ಕಾಯಿ ಅಲ್ಲೇ ಹಣ್ಣಾಗುತ್ತದೆ. ಅಡಿಕೆ ಸಲಾಕೆ, ಬಿದಿರು, ಮೇಲೆ ಪ್ಲಾಸ್ಟಿಕ್ ಬಲೆ, ಇಷ್ಟೇ. ಬಳ್ಳಿ ಚಪ್ಪರಕ್ಕೆ ತಲುಪುವ ತನಕ ಬದಿಯ ಕುಡಿಗಳನ್ನು ಚಿವುಟಿ. ಮೇಲೆ ಹತ್ತಿದ ಮೇಲೆ ತುದಿ ಚಿವುಟಿದರೆ ಕವಲು ಬರುತ್ತದೆ, ಹೆಣ್ಣು ಹೂವು ಕವಲಿನಲ್ಲೇ ಜಾಸ್ತಿ.

"ಚೀನಿಕಾಯಿ ಹೂವು ತುಂಬ, ಎಲ್ಲ ಉದುರುತ್ತದೆ" ಎಂದು ಗಾಬರಿಯಾಗಬೇಡಿ. ಮೊದಲು ಬರುವುದೆಲ್ಲ ಗಂಡು ಹೂವು, ಅದು ಉದುರಲೇಬೇಕು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಕಿರುಕಾಯಿ ಇರುತ್ತದೆ. ಅದೂ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ ಎಂದರ್ಥ. ಮಳೆಗೆ ಜೇನ್ನೊಣ ಬರುವುದಿಲ್ಲ. ಬೆಳಿಗ್ಗೆ ಎಂಟರ ಒಳಗೆ ಅರಳಿದ ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಹುಡಿಯನ್ನು ಹೆಣ್ಣು ಹೂವಿನ ನಡುವಿಗೆ ತಾಗಿಸಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಕು.

ಎರಡು ವಾರಕ್ಕೊಮ್ಮೆ ಗೊಬ್ಬರದ ನೀರು ಕೊಡಿ. ಹಸಿ ಸೆಗಣಿ, ಕಡಲೆಹಿಂಡಿ ಒಂದೊಂದು ಕಿಲೋ, ಹತ್ತು ಲೀಟರ್ ನೀರಿನಲ್ಲಿ ಐದು ದಿನ ಕೊಳೆಯಿಸಿ, ತಿಳಿಗೆ ಹತ್ತು ಪಾಲು ನೀರು ಸೇರಿಸಿ ಬುಡಕ್ಕೆ ಹೊಯ್ಯಿರಿ. ವಾಸನೆ ಬರುತ್ತದೆ, ನೆಂಟರು ಬರುವ ದಿನ ಬೇಡ.

ಹಂತ 8: ಹುಳ, ರೋಗ

ಗೇರು ಗುಡ್ಡೆಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದರ ಫಲವನ್ನು ಎಣ್ಮಕಜೆ, ಬೆಳ್ಳೂರು, ಮುಳಿಯಾರಿನವರಿಗೆ ನಾನು ವಿವರಿಸಬೇಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಮನೆಮಂದಿ ತಿನ್ನುವ ಅರ್ಧ ಸೆಂಟ್ ತರಕಾರಿಗೆ ವಿಷದ ಬಾಟಲಿ ತರುವ ಅಗತ್ಯ ಇಲ್ಲ. ಆದರೆ ವಿಷ ಹಾಕುವುದಿಲ್ಲ ಎಂದಮೇಲೆ ದಿನಾ ಎಲೆ ಮಗುಚಿ ನೋಡುವ ಕೆಲಸ ತಪ್ಪುವುದಿಲ್ಲ.

ಕರಿಹೇನು: ಅಲಸಂಡೆಯ ಕುಡಿ, ಹೂಗೊಂಚಲಿನಲ್ಲಿ ಕಪ್ಪಗೆ ಮುತ್ತುತ್ತದೆ. ಶುರುವಿನಲ್ಲಾದರೆ ಬೆಳಿಗ್ಗೆ ಮಂಜು ಆರುವ ಮೊದಲು ಬೂದಿ ಎರಚಿದರೆ ಸಾಕು. ಜಾಸ್ತಿಯಾದರೆ ಬೇವಿನೆಣ್ಣೆ ಬೆಳ್ಳುಳ್ಳಿ ಮಿಶ್ರಣ. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಬಾರ್ ಸಾಬೂನು. ಸಾಬೂನನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಎಣ್ಣೆಗೆ ಬೆರೆಸಿ, ಆಮೇಲೆ ಅರೆದು ಸೋಸಿದ ಬೆಳ್ಳುಳ್ಳಿ ರಸ, ಕೊನೆಗೆ ನೀರು. ಈ ಕ್ರಮ ತಪ್ಪಿದರೆ ಎಣ್ಣೆ ಮೇಲೆ ತೇಲುತ್ತದೆ, ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೆ ಹೊಡೆಯಿರಿ.

ಹಣ್ಣುನೊಣ: ಹಾಗಲ, ಹೀರೆ, ಪಡುವಲದ ದೊಡ್ಡ ಶತ್ರು. ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಸೊಟ್ಟಗಾಗಿ ಹಳದಿಯಾಗುತ್ತದೆ, ಒಳಗೆ ಬಿಳಿ ಹುಳ. ಇದಕ್ಕೆ ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಫೆರಮೋನ್ ಬಲೆ ಸಿಗುತ್ತದೆ. ಇಲ್ಲಿ ಎಚ್ಚರ: ಮಾವಿನ ನೊಣಕ್ಕೆ ಬೇರೆ ಬಲೆ, ತರಕಾರಿ ನೊಣಕ್ಕೆ ಬೇರೆ. ಮೀಥೈಲ್ ಯೂಜಿನಾಲ್ ಎಂದು ಬರೆದದ್ದು ಮಾವಿಗೆ. ಹಾಗಲಕ್ಕೆ ಬೇಕಾದದ್ದು ಕ್ಯೂಲೂರ್. ಮಾವಿನದ್ದು ತಂದು ಹಾಗಲ ಚಪ್ಪರಕ್ಕೆ ಕಟ್ಟಿದರೆ ಬಲೆಯಲ್ಲಿ ನೊಣ ತುಂಬ ಬೀಳುತ್ತದೆ, ಕಾಯಿಗೆ ಹುಳ ಬೀಳುವುದು ಮಾತ್ರ ನಿಲ್ಲುವುದಿಲ್ಲ. ಬಲೆಯ ಜತೆಗೆ, ಬೆರಳುದ್ದ ಆದ ಕೂಡಲೇ ಕಾಯಿಗೆ ಪೇಪರ್ ಲಕೋಟೆ ಕಟ್ಟಿ. ಮಳೆಗಾಲದಲ್ಲಿ ತಳ ತೆರೆದ ಪ್ಲಾಸ್ಟಿಕ್ ಕವರ್. ಹುಳ ಬಿದ್ದ ಕಾಯಿಯನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಅಲ್ಲೇ ನೊಣವಾಗಿ ಏಳುತ್ತದೆ. ನೀರಿನಲ್ಲಿ ಮುಳುಗಿಸಿ ಕೊಳೆಯಿಸಿ.

ಸೊರಗು ರೋಗ: ನಿನ್ನೆ ಚೆನ್ನಾಗಿದ್ದ ಬದನೆ ಗಿಡ ಇವತ್ತು ಹಸಿರು ಎಲೆಯ ಸಮೇತ ಜೋತು ಬೀಳುತ್ತದೆ. ನೀರು ಕಮ್ಮಿಯಾಯಿತು ಅಂತ ಮತ್ತೂ ನೀರು ಹೊಯ್ಯುತ್ತಾರೆ. ಹಾಗೆ ಮಾಡಬೇಡಿ. ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ ನೋಡಿ. ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ. ಮದ್ದಿಲ್ಲ. ಗಿಡ ಬೇರು ಸಮೇತ ಕಿತ್ತು ಸುಟ್ಟು, ಆ ಜಾಗಕ್ಕೆ ಸುಣ್ಣ ಹಾಕಿ. ಅಲ್ಲಿ ಮತ್ತೆ ಬದನೆ, ಮೆಣಸು, ಟೊಮೆಟೊ ಬೇಡ, ಅಲಸಂಡೆ ಹಾಕಿ. ಮೇಲೆ ಹೇಳಿದ ತಳಿಗಳು ಬೇಕಾದದ್ದು ಇದಕ್ಕೇ. ಕಾಡು ಬದನೆಯ ಬೇರಿಗೆ ಕಸಿ ಕಟ್ಟಿದ ಸಸಿ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹರಿವೆ ಎಲೆಯಲ್ಲಿ ಬಿಳಿ ಚುಕ್ಕೆ: ಕೆಂಪು ಹರಿವೆಗೆ ಮಳೆಗಾಲದಲ್ಲಿ ಬಂದೇ ಬರುತ್ತದೆ. ಹಸಿರು ಹರಿವೆಯ ಸಿಒ-1 ತಳಿ ಇದನ್ನು ತಡೆಯುತ್ತದೆ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗ ಹರಡುವುದು ಕಮ್ಮಿ. ನೀರು ಬುಡಕ್ಕೆ ಮಾತ್ರ, ಎಲೆಗೆ ಹಾರಿಸಬೇಡಿ.

ಬೆಂಡೆ ಎಲೆಯ ನರ ಹಳದಿಯಾದರೆ ಅದು ಬಿಳಿನೊಣ ತರುವ ವೈರಸ್. ಆ ಗಿಡ ಕಿತ್ತುಬಿಡಿ, ಆಸೆ ಬೇಡ. ದೊಡ್ಡ ಆಫ್ರಿಕನ್ ಬಸವನಹುಳ ಇರುವಲ್ಲಿ ರಾತ್ರಿ ಒದ್ದೆ ಗೋಣಿಯ ಅಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ತೋಟಕ್ಕೆ ಉಪ್ಪು ಎರಚಬೇಡಿ, ಹುಳದ ಜತೆ ಗಿಡವೂ ಸಾಯುತ್ತದೆ.

ಹಂತ 9: ಕೊಯ್ಯುವುದು

ಬೆಂಡೆ, ಅಲಸಂಡೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ಬೆಂಡೆ ಗಿಡದಲ್ಲೇ ಬಲಿತರೆ ಆ ಗಿಡ ಕೆಲಸ ಮುಗಿಯಿತು ಅಂತ ಹೂವು ಕಮ್ಮಿ ಮಾಡುತ್ತದೆ. ಬೆಂಡೆಯ ತುದಿ ಮುರಿದು ನೋಡಿ, ಪಟ್ಟನೆ ಮುರಿದರೆ ಎಳೆ. ಹರಿವೆಯನ್ನು ಬೇರು ಸಮೇತ ಕೀಳುವ ಬದಲು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಸೋರೆ, ಹೀರೆ, ಮುಳ್ಳುಸೌತೆ ಅಡುಗೆಗೆ ಮೊದಲು ಒಂದು ಚೂರು ನಾಲಗೆಗೆ ಮುಟ್ಟಿಸಿ. ವಿಪರೀತ ಕಹಿ ಇದ್ದರೆ ಬಿಸಾಡಿ. ಬೇಯಿಸಿದರೆ ಹೋಗುವ ಕಹಿ ಅಲ್ಲ ಅದು, ವಾಂತಿ ಭೇದಿ ಆಗುತ್ತದೆ. ಸೋರೆಯ ಹಸಿರಸ ಕುಡಿಯುವವರಂತೂ ಇದನ್ನು ಮರೆಯಲೇಬಾರದು.

ಹಂತ 10: ರಾಶಿ ಬಿದ್ದದ್ದನ್ನು ಉಳಿಸುವುದು

ಸೌತೆಗೆ ಫ್ರಿಜ್ ಬೇಡ. ಬಳ್ಳಿ ಒಣಗಿದ ಮೇಲೆ, ಎರಡು ಬೆರಳು ತೊಟ್ಟು ಉಳಿಸಿ ಕೊಯ್ಯಿರಿ. ತೊಟ್ಟು ಕಿತ್ತುಹೋದದ್ದನ್ನು, ಗಾಯವಾದದ್ದನ್ನು ಬೇರೆ ಇಟ್ಟು ಮೊದಲು ಮುಗಿಸಿ. ತೊಳೆಯಬೇಡಿ, ಒರೆಸಿ. ಬಾಳೆನಾರಿನಲ್ಲಿ ಒಂದರ ಕೆಳಗೊಂದು ಕಟ್ಟಿ, ಗಾಳಿಯಾಡುವ ಕಡೆ ಪಕಾಸಿಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು. ವಾರಕ್ಕೊಮ್ಮೆ ಕೈಯಲ್ಲಿ ಒತ್ತಿ ನೋಡಿ, ಮೆತ್ತಗಾದದ್ದು ಕಂಡರೆ ಅವತ್ತೇ ತೆಗೆಯಿರಿ. ಅದರ ನೀರು ಸೋರಿದರೆ ಕೆಳಗಿನದ್ದೆಲ್ಲ ಹೋಯಿತು. ಹೀಗೆ ಇಟ್ಟರೆ ಮಳೆಗಾಲದ ತರಕಾರಿ ಬರುವ ತನಕ ಸಾಂಬಾರಿಗೆ ಚಿಂತೆ ಇಲ್ಲ. ಬೂದುಕುಂಬಳವೂ ಹೀಗೆಯೇ, ಆದರೆ ಮೇಲಿನ ಬಿಳಿ ಬೂದಿ ಒರೆಸಬೇಡಿ, ಅದೇ ಅದರ ಕಾವಲು.

ದಿನಾ ಒಂದೇ ಸಾಂಬಾರಾದರೆ ಮಕ್ಕಳು ತಟ್ಟೆ ದೂಡುತ್ತಾರೆ. ಸೌತೆ ಒಂದರಿಂದಲೇ ಬೋಳುಹುಳಿ, ಮೇಲಾರ, ಬೆಳ್ಳುಳ್ಳಿ ಒಗ್ಗರಣೆಯ ಕೊದ್ದೆಲ್, ದೋಸೆ ಮಾಡಬಹುದು. ದೋಸೆಗೆ ಎರಡು ಕಪ್ ನೆನೆಸಿದ ಬೆಳ್ತಿಗೆ ಅಕ್ಕಿ, ಎರಡು ಕಪ್ ತುರಿದ ಸೌತೆ, ಉಪ್ಪು. ನೀರು ಹಾಕದೆ ಅರೆಯಿರಿ, ಸೌತೆಯ ನೀರೇ ಸಾಕು. ಹುಳಿ ಬರಿಸುವುದು ಬೇಡ, ಕೂಡಲೇ ಹೊಯ್ಯಬಹುದು. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹಸಿಮೆಣಸು, ಹುಣಸೆ, ತೆಂಗಿನಕಾಯಿ ಸೇರಿಸಿ ಅರೆದರೆ ಚಟ್ನಿ. ಹೀರೆಯ ಸಿಪ್ಪೆಗೆ, ಪಡುವಲದ ತಿರುಳಿಗೂ ಇದೇ ದಾರಿ.

ಹಾಗಲ ಜಾಸ್ತಿಯಾದರೆ ಬಾಳ್ಕು. ಕಾಯಿಯನ್ನು ತೆಳು ಬಿಲ್ಲೆ ಮಾಡಿ ಬೀಜ ತೆಗೆಯಿರಿ. ಹುಳಿ ಬಂದ ದಪ್ಪ ಮಜ್ಜಿಗೆಗೆ ಸಾಮಾನ್ಯ ಪಲ್ಯಕ್ಕಿಂತ ತುಸು ಜಾಸ್ತಿ ಉಪ್ಪು, ಸ್ವಲ್ಪ ಮೆಣಸಿನ ಹುಡಿ ಹಾಕಿ ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಬಿಲ್ಲೆ ಮಾತ್ರ ಬಿಸಿಲಿಗೆ, ಮಜ್ಜಿಗೆ ಪಾತ್ರೆಯಲ್ಲೇ ಇರಲಿ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಎಲ್ಲ ಹೀರಿ ಮುಗಿಯುವ ತನಕ ಹೀಗೆ ಮಾಡಿ, ಆಮೇಲೆ ಬರೀ ಬಿಸಿಲು. ಬಿಲ್ಲೆ ಬಾಗದೆ ಪಟಕ್ಕನೆ ಮುರಿಯಬೇಕು. ಅರ್ಧ ಒಣಗಿದಾಗಲೇ ಡಬ್ಬಿಗೆ ತುಂಬಿದರೆ ಆಟಿಯಲ್ಲಿ ಮುಚ್ಚಳ ತೆಗೆಯುವಾಗ ಬೂಸು. ಮೆಣಸಿಗೂ ಇದೇ ಕ್ರಮ, ಬದಿಯಲ್ಲಿ ಸಣ್ಣ ಸೀಳು ಕೊಡಬೇಕು ಅಷ್ಟೇ. ಮಳೆಗಾಲದ ಹಾಗಲಕ್ಕೆ ಬಿಸಿಲು ಸಿಗುವುದಿಲ್ಲ. ಅದನ್ನು ಬೆಲ್ಲ, ಹುಣಸೆ, ಎಳ್ಳು ಹಾಕಿದ ಮೆಣಸ್ಕಾಯಿ ಮಾಡಿ, ಚೆನ್ನಾಗಿ ಕುದಿಸಿಟ್ಟರೆ ಕೆಲವು ದಿನ ಉಳಿಯುತ್ತದೆ.

ಕುಂಬಳ ಒಮ್ಮೆ ಒಡೆದರೆ ಇಡಲಾಗುವುದಿಲ್ಲ, ದೊಡ್ಡದು ಇಡೀ ಕೇರಿಗಾಗುವಷ್ಟಿರುತ್ತದೆ. ಒಡೆಯುವ ದಿನವೇ ಲೆಕ್ಕ ಹಾಕಿ: ಒಂದು ಪಾಲು ಮಜ್ಜಿಗೆಹುಳಿಗೆ, ಒಂದು ಪಾಲು ತುರಿದು ಹಿಂಡಿ ಹಲ್ವಕ್ಕೆ, ಉಳಿದದ್ದು ನೆರೆಮನೆಗೆ. ಬೇಸಿಗೆಯಾದರೆ ಸಂಡಿಗೆ. ಅಲಸಂಡೆ ಕೊಯ್ಯಲು ಮರೆತು ಬಲಿತದ್ದಿದ್ದರೆ ಗಿಡದಲ್ಲೇ ಒಣಗಲು ಬಿಡಿ, ಕಾಳು ಸಾರಿಗಾಗುತ್ತದೆ. ಬಸಳೆಯ ದಂಟು ಬಲಿತದ್ದನ್ನು ಬಿಸಾಡುವವರಿದ್ದಾರೆ. ಹಲಸಿನ ಬೀಜದ ಜತೆ ಬೇಯಿಸಿ ನೋಡಿ, ಸೊಪ್ಪಿಗಿಂತ ದಂಟೇ ರುಚಿ.

ಹಂತ 11: ಮುಂದಿನ ವರ್ಷಕ್ಕೆ ಬೀಜ

ಪ್ಯಾಕೆಟ್ ಮೇಲೆ ಎಫ್1 ಅಥವಾ ಹೈಬ್ರಿಡ್ ಅಂತ ಇದ್ದರೆ ಅದರ ಬೀಜ ಇಡಬೇಡಿ. ಎರಡು ತಳಿ ಕೂಡಿಸಿ ಮಾಡಿದ್ದು, ಮುಂದಿನ ಸಲ ತಾಯಿಯಂತೆ ಬರುವುದಿಲ್ಲ. ಊರ ತಳಿಯಾದರೆ ಬಳ್ಳಿಯ ನಡುಭಾಗದ, ರೋಗವಿಲ್ಲದ ಒಂದು ಕಾಯಿಗೆ ದಾರ ಕಟ್ಟಿ ಗುರುತು ಮಾಡಿ, "ಇದು ಬೀಜಕ್ಕೆ, ಕೊಯ್ಯಬೇಡಿ" ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಹೇಳದಿದ್ದರೆ ಅದೇ ಮೊದಲು ಸಾಂಬಾರಿಗೆ ಬೀಳುತ್ತದೆ.

ಸೌತೆ, ಕುಂಬಳದ ಬೀಜವನ್ನು ಲೋಳೆ ಹೋಗುವಂತೆ ತೊಳೆದು, ನೀರಿನಲ್ಲಿ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿ. ಗೋಡೆಗೆ ಸೆಗಣಿಯಲ್ಲಿ ಮೆತ್ತಿಡುವ ಹಳೆಯ ಕ್ರಮ ಮಣ್ಣಿನ ಗೋಡೆ ಇದ್ದವರಿಗೆ ಈಗಲೂ ಆಗುತ್ತದೆ. ಬೆಂಡೆ, ಅಲಸಂಡೆ, ಹೀರೆ ಗಿಡದಲ್ಲೇ ಒಣಗಿ ಗಿಲಗಿಲ ಶಬ್ದ ಬರಬೇಕು. ಮಳೆ ಬರುವ ಅಂದಾಜಿದ್ದರೆ ಒಂದು ದಿನ ಮೊದಲೇ ತಂದು ಒಲೆಯ ಮೇಲಿನ ಅಟ್ಟದಲ್ಲಿಡಿ. ಅಲಸಂಡೆ ಬೀಜಕ್ಕೆ ಹುಳ ಬೇಗ, ನಾಲ್ಕು ಹನಿ ತೆಂಗಿನೆಣ್ಣೆ ಸವರಿ ಗಾಜಿನ ಬಾಟಲಿಯಲ್ಲಿ ಹಾಕಿ. ಬಾಟಲಿಗೆ ತರಕಾರಿಯ ಹೆಸರು, ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿ. ಸೌತೆ ಬೀಜ ಮತ್ತು ಮುಳ್ಳುಸೌತೆ ಬೀಜ ನೋಡಲು ಒಂದೇ ತರ ಇರುತ್ತವೆ.